ದಾರಿ ಹೇಳಿದವರು ಯಾರು?

2021ರ ಏಪ್ರಿಲ್ 16ರಂದು ವೊಡಾಫೋನ್ ಐಡಿಯಾದ ಜಾಲವೊಂದು ತನಗೆ ಸೇರದ 30 ಸಾವಿರಕ್ಕೂ ಹೆಚ್ಚು ಇಂಟರ್‌ನೆಟ್ ವಿಳಾಸಗುಚ್ಛಗಳನ್ನು ತನ್ನವೆಂದು ಜಗತ್ತಿಗೆಲ್ಲ ಸಾರಿತು. ಬೇರೆಲ್ಲಿಗೋ ಹೊರಟಿದ್ದ ದಟ್ಟಣೆ ಅತ್ತ ತಿರುಗಿತು; ಆ ಜಾಲದ ಒಳಹರಿವು 13 ಪಟ್ಟು ಏರಿತು. 2015ರ ನವೆಂಬರ್ 6ರಂದು ಭಾರ್ತಿ ಏರ್‌ಟೆಲ್‌ನ ಜಾಲ ಇದೇ ರೀತಿ 16 ಸಾವಿರಕ್ಕೂ ಹೆಚ್ಚು ಗುಚ್ಛಗಳ ಒಡೆತನ ಸಾರಿ, ಎರಡು ಸಾವಿರಕ್ಕೂ ಹೆಚ್ಚು ಜಾಲಗಳನ್ನು ಗೊಂದಲಕ್ಕೆ ದೂಡಿತ್ತು. ಇನ್ನೂ ಹಿಂದೆ ಹೋದರೆ 1997ರ ಏಪ್ರಿಲ್ 25ರ ಘಟನೆ ಸಿಗುತ್ತದೆ. ಅಮೆರಿಕದಲ್ಲಿ 7007 ಎಂಬ ಸಂಖ್ಯೆಯ ಸಣ್ಣ ಜಾಲವೊಂದು, ಬೇರೆಯವರಿಂದ ಕೇಳಿಸಿಕೊಂಡ ದಾರಿಗಳನ್ನು ಚೂರು ಮಾಡಿ, ಎಲ್ಲಕ್ಕೂ ತಾನೇ ಮೂಲವೆಂಬಂತೆ ಹೊರಗೆ ಬಿಟ್ಟಿತು. ತಪ್ಪು ಮಾಡಿದ ರೂಟರ್‌ನ ತಂತಿ ಕಿತ್ತ ಮೇಲೂ ಆ ಸುಳ್ಳು ದಾರಿಗಳು ಅಂತರ್ಜಾಲದಲ್ಲಿ ಅಲೆಯುತ್ತಲೇ ಇದ್ದವು. ಮೂರು ಪ್ರಸಂಗಗಳಲ್ಲೂ ಕಳ್ಳತನದ ಉದ್ದೇಶ ಕಾಣಲಿಲ್ಲ. ಹೊರಗಿನವರಿಗೆ ಕಂಡ ಲಕ್ಷಣ ಮಾತ್ರ ಒಂದೇ: ದಾರಿಯ ಸುದ್ದಿ ಬಂದಿತ್ತು, ಅದನ್ನು ಮೊದಲು ಹೇಳಿದವರ ಹೆಸರು ಅಳಿಸಿಹೋಗಿತ್ತು. ದೊಡ್ಡ ಕಂಪನಿಗಳ ಈ ಮರೆವು ನಮ್ಮ ಜಿಲ್ಲೆಯ ಹತ್ತಾರು ಶಾಖೆಗಳ ಪುಟ್ಟ ಜಾಲದಲ್ಲೂ ಅದೇ ರೂಪದಲ್ಲಿ ಆಗುತ್ತದೆ. ಆದ್ದರಿಂದ ಜಾಲ ಕೆಟ್ಟಾಗ ‘ಪ್ಯಾಕೆಟ್ ಎಲ್ಲಿ ನಿಂತಿತು’ ಎಂದು ಹುಡುಕಲು ಹೊರಡುವ ಮೊದಲು ‘ಈ ದಾರಿಯನ್ನು ಹೇಳಿದವರು ಯಾರು, ಆ ಮಾತು ಎಲ್ಲಿ ಮರೆತುಹೋಯಿತು’ ಎಂದು ಕೇಳಬೇಕು ಎಂಬುದು ಈ ಲೇಖನದ ವಾದ.

ರೂಟರ್‌ಗಳು ದಾರಿಯನ್ನು ಒಂದರಿಂದೊಂದು ಕೇಳಿ ಕಲಿಯುತ್ತವೆ. ಹೀಗೆ ಹೇಳಿ ಕೇಳುವ ಪದ್ಧತಿಗೆ ರೂಟಿಂಗ್ ಪ್ರೋಟೊಕಾಲ್ ಎನ್ನುತ್ತಾರೆ. ಪದ್ಧತಿಗಳು ಹಲವು, ಒಂದೊಂದರ ಅಳತೆಗೋಲೂ ಬೇರೆ. 1988ರಲ್ಲಿ ದಾಖಲೆಯ ರೂಪ ಪಡೆದ ರಿಪ್, ನಡುವೆ ಎಷ್ಟು ರೂಟರ್‌ಗಳಿವೆ, ಅಂದರೆ ಎಷ್ಟು ಹಾಪ್, ಎಂದಷ್ಟೇ ಎಣಿಸುತ್ತದೆ. 15 ದಾಟಿದರೆ ಆ ಊರು ತಲುಪಲಾಗದ್ದು ಎಂದು ಕೈಬಿಡುತ್ತದೆ. ಓಎಸ್‌ಪಿಎಫ್ ಪ್ರತಿ ಕೊಂಡಿಯ ವೇಗಕ್ಕೆ ತಕ್ಕ ವೆಚ್ಚ ಕಟ್ಟಿ, ತನ್ನ ವಲಯದ ಪೂರ್ತಿ ನಕ್ಷೆಯನ್ನೇ ಪ್ರತಿ ರೂಟರ್‌ನೊಳಗೆ ಇಡುತ್ತದೆ. ಕಂಪನಿ ಕಂಪನಿಗಳ ನಡುವೆ ನಡೆಯುವ ಬಿಜಿಪಿ, ಸುದ್ದಿ ಯಾವ ಯಾವ ಜಾಲ ಹಾದು ಬಂದಿತೆಂಬ ಪಟ್ಟಿಯನ್ನು ರೂಟ್‌ನ ಜತೆಗೇ ಹೊತ್ತು ತರುತ್ತದೆ. ಮೂರಕ್ಕೂ ತಮ್ಮ ತಮ್ಮ ಮನೆಯೊಳಗೆ ಸುತ್ತು ಬೀಳದಂತೆ ಕಾಯುವ ಉಪಾಯವಿದೆ: ರಿಪ್‌ಗೆ 15ರ ಎಲ್ಲೆ, ಓಎಸ್‌ಪಿಎಫ್‌ಗೆ ನಕ್ಷೆ, ಬಿಜಿಪಿಗೆ ಆ ಪಟ್ಟಿ. ಒಂದು ಪ್ರೋಟೊಕಾಲ್ ಕಲಿತದ್ದನ್ನು ಇನ್ನೊಂದಕ್ಕೆ ದಾಟಿಸುವ ಕೆಲಸವೇ ರೀಡಿಸ್ಟ್ರಿಬ್ಯೂಷನ್. ದಾಟಿಸುವ ಹೊತ್ತಿಗೆ ಈ ಮೂರೂ ಕಾವಲು ಗಡಿಯಲ್ಲೇ ಉಳಿದುಬಿಡುತ್ತವೆ. ಹಾಪ್‌ಗಳ ಲೆಕ್ಕ ಓಎಸ್‌ಪಿಎಫ್‌ಗೆ ಅರ್ಥವಾಗದು, ಹಾಗಾಗಿ ಹೊಸ ಅಂಕಿಯೊಂದನ್ನು ಹಚ್ಚಿ ಕಳಿಸಬೇಕು. ಸಿಸ್ಕೊ ರೂಟರ್‌ಗಳಲ್ಲಿ ಓಎಸ್‌ಪಿಎಫ್ ತಾನಾಗಿ 20 ಎಂಬ ಅಂಕಿ ಕೊಡುತ್ತದೆ. ರಿಪ್‌ಗೆ ದಾಟಿಸುವಾಗ ಅಂಕಿ ಹೇಳದಿದ್ದರೆ ರೂಟ್ ಹೊರಡುವುದೇ ಇಲ್ಲ. ‘ಕಮಾಂಡ್ ಕೊಟ್ಟಿದ್ದೇನೆ, ಆಚೆ ಏನೂ ಕಾಣುತ್ತಿಲ್ಲ’ ಎಂಬ ಸಾಮಾನ್ಯ ದೂರಿನ ಕಾರಣ ಹಲವು ಸಲ ಇಷ್ಟೇ. ಇದು ತಕ್ಷಣ ಕಣ್ಣಿಗೆ ಬೀಳುವ ತಪ್ಪು, ಹಾಗಾಗಿ ಅಪಾಯ ಕಡಿಮೆ. ಎಲ್ಲ ಸರಿಯಿದ್ದಂತೆ ಕಂಡು ಒಳಗೊಳಗೇ ಕೆಡುವ ಸ್ಥಿತಿ ಇದಕ್ಕಿಂತ ಬಹಳ ಕೆಟ್ಟದ್ದು.

ಅದನ್ನು ನೋಡಲು ನಮ್ಮದೇ ಕರಾವಳಿಯ ಮೇಲೆ ಒಂದು ಜಾಲವನ್ನು ಕಲ್ಪಿಸಿಕೊಳ್ಳೋಣ. ಶಿರಸಿಯಲ್ಲಿ ಪ್ರಧಾನ ಕಚೇರಿಯಿರುವ ಒಂದು ಸಹಕಾರಿ ಸಂಘ. ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ಶಾಖೆಗಳು. ಶರಾವತಿಯ ಅಳಿವೆಯಲ್ಲಿ ಹೊಳೆ ಸುತ್ತುವರಿದ ಮಾವಿನಕುರ್ವೆಯಲ್ಲಿ ಇನ್ನೊಂದು. ಕರಾವಳಿಯ ಹಳೆಯ ಉಪಕರಣಗಳು ರಿಪ್ ಆಡುತ್ತವೆ, ಶಿರಸಿಯ ಹೊಸವು ಓಎಸ್‌ಪಿಎಫ್. ಘಟ್ಟ ಹತ್ತಲು ಎರಡು ಕೊಂಡಿ: ಕುಮಟಾದಿಂದ ದೇವಿಮನೆ ಘಟ್ಟದ ಮೇಲೆ ಒಂದು, ಹೊನ್ನಾವರದಿಂದ ಗೇರುಸೊಪ್ಪೆ, ಸಿದ್ದಾಪುರದ ಮೇಲೆ ಇನ್ನೊಂದು. ಈ ಎರಡು ಊರುಗಳ ರೂಟರ್‌ಗಳೇ ಗಡಿ; ಎರಡರಲ್ಲೂ ರಿಪ್‌ನಿಂದ ಓಎಸ್‌ಪಿಎಫ್‌ಗೆ, ಓಎಸ್‌ಪಿಎಫ್‌ನಿಂದ ರಿಪ್‌ಗೆ ದಾಟಿಸಲಾಗಿದೆ. ಮಾವಿನಕುರ್ವೆಯ ವಿಳಾಸ 10.20.3.0/24 ಎಂದಿರಲಿ, ಹೊನ್ನಾವರದಿಂದ ಅದು ಮೂರು ಹಾಪ್ ದೂರವಿರಲಿ. ಹೊನ್ನಾವರ ಈ ಸುದ್ದಿಯನ್ನು ಓಎಸ್‌ಪಿಎಫ್‌ಗೆ ದಾಟಿಸುತ್ತದೆ, ಅದು ಶಿರಸಿ ತಲುಪಿ ಅಲ್ಲಿಂದ ಕುಮಟಾಕ್ಕೆ ಇಳಿಯುತ್ತದೆ. ಕುಮಟಾಕ್ಕೆ ಈಗ ಒಂದೇ ಊರಿನ ಬಗ್ಗೆ ಎರಡು ಮಾತು: ಕಡಲ ದಂಡೆಯಿಂದ ರಿಪ್ ಹೇಳಿದ್ದು, ಘಟ್ಟದ ಮೇಲಿನಿಂದ ಓಎಸ್‌ಪಿಎಫ್ ಹೇಳಿದ್ದು. ಯಾರನ್ನು ನಂಬಬೇಕೆಂಬುದಕ್ಕೆ ಸಿಸ್ಕೊ ರೂಟರ್‌ನೊಳಗೆ ಒಂದು ಅಂಕಿಯಿದೆ, ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್. ಕಡಿಮೆ ಅಂಕಿಯವರಿಗೆ ಹೆಚ್ಚು ನಂಬಿಕೆ. ಓಎಸ್‌ಪಿಎಫ್‌ಗೆ 110, ರಿಪ್‌ಗೆ 120. ಓಎಸ್‌ಪಿಎಫ್ ಗೆದ್ದಿತು. ಸುಮಾರು 20 ಕಿಲೋಮೀಟರ್ ದೂರದ ಹೊನ್ನಾವರದ ಕಡೆಗೆ ನೆಟ್ಟಗೆ ಹೋಗಬೇಕಿದ್ದ ಕುಮಟಾದ ಪ್ಯಾಕೆಟ್, ಅದರ ಮೂರು ಪಟ್ಟು ದೂರದ ಶಿರಸಿಗೆ ಹತ್ತಿ, ಗೇರುಸೊಪ್ಪೆಯ ದಾರಿಯಲ್ಲಿ ಇಳಿದು ಬರುತ್ತದೆ.

ಇಷ್ಟಕ್ಕೇ ನಿಂತಿದ್ದರೆ ನಿಧಾನವೆಂಬ ಒಂದೇ ತೊಂದರೆ. ಆದರೆ ಕುಮಟಾ ಆ ಓಎಸ್‌ಪಿಎಫ್ ರೂಟನ್ನು ಮತ್ತೆ ರಿಪ್‌ಗೆ ದಾಟಿಸುತ್ತದೆ, ಅದೂ ‘ಒಂದು ಹಾಪ್’ ಎಂಬ ಹೊಸ ಅಂಕಿಯೊಂದಿಗೆ. ಹೊನ್ನಾವರದ ರೂಟರ್‌ಗೆ ಅದು ಕೇಳಿಸುತ್ತದೆ. ಮಾವಿನಕುರ್ವೆಗೆ ನಿಜವಾದ ದಾರಿ ಮೂರು ಹಾಪ್, ಕುಮಟಾ ಹೇಳುವುದು ಒಂದು. ರಿಪ್‌ನ ನ್ಯಾಯದಲ್ಲಿ ಒಂದು ಮೂರಕ್ಕಿಂತ ಮೇಲು. ಹೊನ್ನಾವರ ತನ್ನ ಪಕ್ಕದ ಊರಿನ ಪ್ಯಾಕೆಟನ್ನು ಕುಮಟಾಕ್ಕೆ ಕೊಡುತ್ತದೆ, ಕುಮಟಾ ಶಿರಸಿಗೆ, ಶಿರಸಿ ಹೊನ್ನಾವರಕ್ಕೆ. ಪ್ರತಿ ರೂಟರ್ ದಾಟಿದಾಗ ಒಂದೊಂದು ಇಳಿಯುವ ಆಯುಸ್ಸಿನ ಅಂಕಿ ಸೊನ್ನೆಯಾಗುವವರೆಗೆ ಪ್ಯಾಕೆಟ್ ಹೀಗೆ ಸುತ್ತಿ ಸಾಯುತ್ತದೆ. ಸುತ್ತು ಬೀಳದಂತೆ ಕಾಯಬೇಕಿದ್ದ 15ರ ಎಲ್ಲೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಗಡಿ ದಾಟಿದಾಗಲೆಲ್ಲ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ಇನ್ನೂ ಕೆಟ್ಟದ್ದೆಂದರೆ, ಮಾವಿನಕುರ್ವೆಯ ಉಪಕರಣವನ್ನೇ ಆರಿಸಿದರೂ ಆ ರೂಟ್ ಸಾಯದೆ ಉಳಿಯಬಹುದು. ಹೊನ್ನಾವರ ಕುಮಟಾದ ಮಾತಿನ ಮೇಲೆ, ಕುಮಟಾ ಶಿರಸಿಯ ಮಾತಿನ ಮೇಲೆ, ಶಿರಸಿ ಹೊನ್ನಾವರದ ಮಾತಿನ ಮೇಲೆ ಅದನ್ನು ಬದುಕಿಸಿಡುತ್ತವೆ. ಮೂರೂ ಪ್ರಾಮಾಣಿಕವಾಗಿಯೇ ನಡೆದುಕೊಂಡಿವೆ, ಯಾವುದೂ ಕೆಟ್ಟಿಲ್ಲ. ಒಂದೊಂದು ರೂಟರನ್ನು ಬಿಡಿಬಿಡಿಯಾಗಿ ಪರೀಕ್ಷಿಸುವ ಎಂಜಿನಿಯರ್‌ಗೆ ಅದಕ್ಕೇ ತಪ್ಪು ಸಿಗುವುದಿಲ್ಲ.

ಅನುಭವಸ್ಥರು ಇಲ್ಲಿ ಒಂದು ಸುಲಭದ ಮದ್ದು ಹೇಳುತ್ತಾರೆ: ರಿಪ್‌ಗೆ ದಾಟಿಸುವಾಗ ಒಂದರ ಬದಲು ಹತ್ತು ಎಂಬ ಅಂಕಿ ಹಚ್ಚಿ, ಸುಳ್ಳು ದಾರಿ ಎಂದೂ ನಿಜವಾದ ದಾರಿಯನ್ನು ಗೆಲ್ಲುವುದಿಲ್ಲ. ಇದು ಅರ್ಧ ಸತ್ಯ. ನಿಜವಾದ ದಾರಿ ಇರುವ ತನಕ ಮಾತ್ರ ಅದು ಗೆಲ್ಲುವುದಿಲ್ಲ. ಮಾವಿನಕುರ್ವೆಯ ಕೊಂಡಿ ಕಡಿದ ಗಳಿಗೆಯಲ್ಲಿ ನಿಜದ ಮೂರು ಹದಿನಾರಾಗುತ್ತದೆ. ಸುಳ್ಳಿನ ಹತ್ತು ಗೆದ್ದು ಸುತ್ತು ಶುರುವಾಗಬಹುದು. ದೋಷ ಹೋಗಿಲ್ಲ, ಮಳೆಗಾಲದವರೆಗೆ ಮಲಗಿದೆ ಅಷ್ಟೇ. ಗಟ್ಟಿಯಾದ ಪರಿಹಾರ ಬೇರೆ ಇದೆ. ರೂಟ್ ಗಡಿ ದಾಟುವಾಗಲೇ ಅದು ಎಲ್ಲಿ ಹುಟ್ಟಿತೆಂಬ ಗುರುತು ಹಚ್ಚುವುದು. ಓಎಸ್‌ಪಿಎಫ್‌ನ ಹೊರಗಿನ ರೂಟ್‌ಗಳಲ್ಲಿ ಇದಕ್ಕೆಂದೇ 32 ಬಿಟ್‌ನ ಟ್ಯಾಗ್ ಜಾಗವಿದೆ, ರಿಪ್‌ನ ಎರಡನೇ ಆವೃತ್ತಿಯಲ್ಲಿ 16 ಬಿಟ್‌ನದು. ಹೊನ್ನಾವರ ‘ಇದು ರಿಪ್ ಸಂತಾನ’ ಎಂದು ಟ್ಯಾಗ್ ಹಾಕಿ ಕಳಿಸಿದರೆ, ಆ ಟ್ಯಾಗ್ ಇರುವುದನ್ನು ರಿಪ್‌ಗೆ ಮರಳಿ ಬಿಡಬೇಡ ಎಂಬ ಒಂದು ಫಿಲ್ಟರ್ ಕುಮಟಾದಲ್ಲಿ ಸಾಕು. ಎದುರು ದಿಕ್ಕಿಗೂ ಇಂಥದ್ದೇ ಇನ್ನೊಂದು. ಇಷ್ಟು ಮಾಡಿದ ಮೇಲೂ ಕುಮಟಾದ ಪ್ಯಾಕೆಟ್ ಘಟ್ಟ ಸುತ್ತಿ ಹೋಗುವುದು ನಿಲ್ಲುವುದಿಲ್ಲ ಎಂಬುದನ್ನು ಹಲವರು ಗಮನಿಸುವುದಿಲ್ಲ. ಟ್ಯಾಗ್ ಸುತ್ತನ್ನು ಕಡಿಯುತ್ತದೆ, ನಂಬಿಕೆಯ ಅಂಕಿಯನ್ನು ಬದಲಿಸುವುದಿಲ್ಲ. ಗಡಿಯ ಎರಡು ರೂಟರ್‌ಗಳಲ್ಲಿ ಓಎಸ್‌ಪಿಎಫ್‌ನ ಹೊರಗಿನ ರೂಟ್‌ಗಳಿಗೆ 120ಕ್ಕಿಂತ ಹೆಚ್ಚಿನ ಅಂಕಿ ಕೊಟ್ಟಾಗ ಮಾತ್ರ ಕುಮಟಾ ದಂಡೆಯ ದಾರಿ ಹಿಡಿಯುತ್ತದೆ. ರೋಗ ಎರಡು, ಮದ್ದೂ ಎರಡು. ಒಂದನ್ನು ಕೊಟ್ಟು ಇನ್ನೊಂದೂ ವಾಸಿಯಾಗಲಿ ಎಂದು ಕಾಯುವುದರಲ್ಲಿ ಎಷ್ಟೋ ರಾತ್ರಿಗಳು ಕಳೆಯುತ್ತವೆ.

ಗುರುತು ಅಳಿಯುವ ಇನ್ನೊಂದು ಜಾಗ ಸಮರೈಸೇಶನ್. ಹತ್ತಾರು ರೂಟ್‌ಗಳ ಬದಲು ಎಲ್ಲವನ್ನೂ ಒಳಗೊಳ್ಳುವ ಒಂದೇ ರೂಟ್ ಸಾರುವ ಈ ಕೆಲಸವನ್ನು ನಮ್ಮ ಅಂಚೆ ಇಲಾಖೆ ಪಿನ್ ಕೋಡ್ ಮೂಲಕ 1972ರ ಆಗಸ್ಟ್ 15ರಿಂದ ಮಾಡುತ್ತಿದೆ. ಕುಮಟಾ 581343, ಹೊನ್ನಾವರ 581334, ಭಟ್ಕಳ 581320. ದೂರದ ಊರಿನಲ್ಲಿ ಕಾಗದ ವಿಂಗಡಿಸುವವರಿಗೆ ಮೊದಲ ಅಂಕಿಗಳು ಸಾಕು. ಕೊನೆಯ ಮೂರನ್ನು ಹತ್ತಿರದವರು ನೋಡಿಕೊಳ್ಳುತ್ತಾರೆ. ಆದರೆ ಹಾವೇರಿಯ ಪಿನ್ 581110. 581 ಎಂದರೆ ಉತ್ತರ ಕನ್ನಡ ಎಂದು ತಿಳಿದು ಎಲ್ಲ ಚೀಲವನ್ನೂ ಘಟ್ಟ ಇಳಿಸಿದರೆ ಹಾವೇರಿಯ ಕಾಗದ ಕಡಲ ದಂಡೆಗೆ ಬರುತ್ತದೆ. ಜಾಲದ ಸಮರಿಯಲ್ಲೂ ಮೊದಲ ತಪ್ಪು ಇದೇ, ತನ್ನಲ್ಲಿಲ್ಲದ ವಿಳಾಸವನ್ನೂ ತನ್ನದೆಂದು ಒಳಗೆ ಸೇರಿಸಿಕೊಳ್ಳುವುದು. 10.20.0.0/22 ಎಂದು ಸಾರಿದರೆ 0, 1, 2, 3 ಎಂಬ ನಾಲ್ಕು ಜಾಲಗಳ 1,024 ವಿಳಾಸಗಳಿಗೆ ಮಾತು ಕೊಟ್ಟಂತೆ. ಅವುಗಳಲ್ಲಿ ಒಂದು ಬೇರೆ ಕಡೆ ಇದ್ದರೂ ಕೊಟ್ಟ ಮಾತು ಅಷ್ಟರ ಮಟ್ಟಿಗೆ ಸುಳ್ಳು.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮ. ನಮ್ಮ ಕಲ್ಪಿತ ಸಂಘದಲ್ಲಿ ಕುಮಟಾ 0, ಹೊನ್ನಾವರ 1, ಭಟ್ಕಳ 2, ಮಾವಿನಕುರ್ವೆ 3 ಎಂದಿರಲಿ. ಗಡಿಯ ಎರಡೂ ರೂಟರ್‌ಗಳು ಶಿರಸಿಗೆ /22 ಸಮರಿಯೊಂದನ್ನೇ ಸಾರಲಿ. ಎಲ್ಲ ಚೆನ್ನಾಗಿರುವಾಗ ಇದು ಸುಂದರ ವ್ಯವಸ್ಥೆ. ಕುಮಟಾ ಮತ್ತು ಹೊನ್ನಾವರದ ನಡುವಿನ ಕೇಬಲ್ ಕಡಿಯಿತೆನ್ನಿ. ಸಮರಿಯ ನಿಯಮದ ಪ್ರಕಾರ ಒಳಗಿನ ಒಂದೇ ಒಂದು ಜಾಲ ಉಳಿದಿದ್ದರೂ ಇಡೀ ಸಮರಿ ಉಳಿಯುತ್ತದೆ. ಕುಮಟಾಕ್ಕೆ ತನ್ನ ಶಾಖೆ ಮಾತ್ರ ತಲುಪುತ್ತಿದೆ, ಆದರೂ ನಾಲ್ಕನ್ನೂ ತಲುಪಿಸುವೆನೆಂದು ಸಾರುತ್ತಲೇ ಇದೆ. ಎರಡೂ ದಾರಿ ಸಮನಾಗಿ ಕಂಡರೆ ಶಿರಸಿ ದಟ್ಟಣೆಯನ್ನು ಇಬ್ಭಾಗ ಮಾಡುತ್ತದೆ. ಭಟ್ಕಳಕ್ಕೆ ಹೊರಟ ಅರ್ಧ ಕುಮಟಾದಲ್ಲಿ ಸಾಯುತ್ತದೆ. ಶಾಖೆಯಲ್ಲಿ ಒಂದು ಕಂಪ್ಯೂಟರ್ ನಡೆಯುತ್ತದೆ, ಪಕ್ಕದ್ದು ನಡೆಯುವುದಿಲ್ಲ. ಬೆಳಿಗ್ಗೆ ಆಗದ ಕೆಲಸ ಮಧ್ಯಾಹ್ನ ಆಗುತ್ತದೆ. ಕುಮಟಾದಲ್ಲಿ ಸಮರಿಗೆ ಜತೆಯಾದ ‘ಎಸೆದುಬಿಡು’ ಎಂಬ ರೂಟ್ ಇದ್ದರೆ ಪ್ಯಾಕೆಟ್ ಅಲ್ಲಿಗೇ ಮುಗಿಯುತ್ತದೆ. ಅದನ್ನು ಯಾರಾದರೂ ಬೇಡವೆಂದು ತೆಗೆದುಹಾಕಿದ್ದರೆ, ಕುಮಟಾ ತನ್ನ ಡಿಫಾಲ್ಟ್ ದಾರಿ ಹಿಡಿದು ಪ್ಯಾಕೆಟನ್ನು ಶಿರಸಿಗೇ ವಾಪಸು ಕೊಡುತ್ತದೆ, ಶಿರಸಿ ಮತ್ತೆ ಕುಮಟಾಕ್ಕೆ. ಟ್ರೇಸ್‌ರೂಟ್‌ನಲ್ಲಿ ಎರಡೇ ವಿಳಾಸಗಳು ಸರದಿಯಂತೆ ಬರುವುದನ್ನು ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಎಸೆಯುವ ರೂಟನ್ನು ತೆಗೆಯುವುದು ದೊಡ್ಡ ತಪ್ಪೆಂದು ನಾನು ಒತ್ತಿ ಹೇಳುತ್ತೇನೆ. ಅದು ಪ್ಯಾಕೆಟ್ ಕೊಲ್ಲುವಂತೆ ಕಂಡರೂ ಜಾಲವನ್ನು ಉಳಿಸುವುದು ಅದೇ.

ಸಮರಿಗೆ ಎದುರಾಗಿ ಅದರೊಳಗಿನ ಒಂದು ಭಾಗವನ್ನಷ್ಟೇ ಸಾರುವ ಚೂರು ರೂಟ್ ಬಂದರೆ ಚೂರೇ ಗೆಲ್ಲುತ್ತದೆ ಎಂಬುದನ್ನು ಜಗತ್ತು 2008ರ ಫೆಬ್ರುವರಿ 24ರಂದು ನೋಡಿತು. ಯೂಟ್ಯೂಬ್ ತನ್ನ ವಿಳಾಸಗಳನ್ನು 208.65.152.0/22 ಎಂದು ಸಾರುತ್ತಿತ್ತು. ದೇಶದೊಳಗೆ ಯೂಟ್ಯೂಬ್ ತಡೆಯಲು ಪಾಕಿಸ್ತಾನ ಟೆಲಿಕಾಂ ಅದರೊಳಗಿನ ಒಂದು /24 ಅನ್ನು ಸಾರಿತು; ಮನೆಯೊಳಗೇ ಇರಬೇಕಿದ್ದ ಆ ರೂಟ್ ಹಾಂಗ್‌ಕಾಂಗ್‌ನ ಪಿಸಿಸಿಡಬ್ಲ್ಯು ಮೂಲಕ ಹೊರಬಿದ್ದು, ಸುಮಾರು ಎರಡು ತಾಸು ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಇಲ್ಲವಾಯಿತು. ಯೂಟ್ಯೂಬ್ ತಾನೂ /24, ಆಮೇಲೆ ಅದನ್ನೂ ಒಡೆದು ಎರಡು /25 ಸಾರಿ ದಾರಿ ಮರಳಿ ಪಡೆಯಲು ಹೆಣಗಿತು. ಪಿಸಿಸಿಡಬ್ಲ್ಯು ತನ್ನ ಗ್ರಾಹಕ ಹೇಳಿದ್ದು ಅವನದೇ ವಿಳಾಸವೋ ಎಂದು ಗಡಿಯಲ್ಲಿ ಒಮ್ಮೆ ನೋಡಿದ್ದರೆ ಆ ಎರಡು ತಾಸು ನಡೆಯುತ್ತಿರಲಿಲ್ಲ.

ಇಷ್ಟು ಕಷ್ಟವೇಕೆ, ಎಲ್ಲೆಡೆ ಒಂದೇ ಪ್ರೋಟೊಕಾಲ್ ಇಡಬಾರದೇ ಎಂಬ ಪ್ರಶ್ನೆ ಸಹಜ. ಸಣ್ಣ ಜಾಲಕ್ಕೆ ಅದೇ ಸರಿಯಾದ ಸಲಹೆ. ನಮ್ಮ ಕಲ್ಪಿತ ಸಂಘದ ರಿಪ್ ಉಪಕರಣಗಳನ್ನು ಬದಲಿಸಲು ಹಣವಿದ್ದರೆ ಬದಲಿಸುವುದೇ ಒಳ್ಳೆಯದು. ಆದರೆ ಜಾಲಗಳು ನಕ್ಷೆಯ ಪ್ರಕಾರ ಹುಟ್ಟುವುದಿಲ್ಲ, ಒಂದಕ್ಕೊಂದು ಸೇರುತ್ತ ಬೆಳೆಯುತ್ತವೆ. ವೊಡಾಫೋನ್ ಇಂಡಿಯಾ ಮತ್ತು ಐಡಿಯಾ 2018ರ ಆಗಸ್ಟ್ 31ರಂದು ಒಂದಾದಾಗ ಎರಡು ದೇಶವ್ಯಾಪಿ ಜಾಲಗಳು ಒಂದೇ ಮನೆಯಾಗಬೇಕಿತ್ತು. ಅದಿಲ್ಲದಿದ್ದರೂ ಪ್ರತಿ ಸೇವಾದಾರನ ಒಳಗೆ ಒಂದು ಪ್ರೋಟೊಕಾಲ್, ಹೊರಗೆ ಬಿಜಿಪಿ; ಗಡಿ ಇದ್ದೇ ಇರುತ್ತದೆ. ಹಾಗಾದರೆ ಗಡಿ ಒಂದೇ ಇರಲಿ, ಎರಡು ಬಾಗಿಲಿದ್ದರೆ ತಾನೇ ಸುತ್ತು ಎನ್ನಬಹುದು. ತರ್ಕ ಸರಿ, ನೆಲ ಒಪ್ಪುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಅನೇಕ ದಿನ ಮುಚ್ಚಿತ್ತು. ದೇವಿಮನೆ ಘಟ್ಟದಲ್ಲಿ ಮಣ್ಣು ಜರಿದು ರಸ್ತೆ ಬಂದ್ ಆಗುವುದೂ ಹೊಸದಲ್ಲ. ರಸ್ತೆಯ ಬದಿಯಲ್ಲೇ ಕೇಬಲ್ ಹೂಳುವ ನಾಡಿನಲ್ಲಿ ರಸ್ತೆ ಹೋದರೆ ಕೇಬಲ್ ಉಳಿಯುವುದು ಕಷ್ಟ. ಘಟ್ಟದ ಕೆಳಗಿನ ಊರಿಗೆ ಒಂದೇ ಬಾಗಿಲು ಸಾಲದು. ಎರಡು ಬಾಗಿಲನ್ನು ಮಳೆ ಕೇಳುತ್ತದೆ. ಎರಡು ಬಾಗಿಲಿಟ್ಟ ಮೇಲೆ ಟ್ಯಾಗ್ ಇಡದಿರುವುದಕ್ಕೆ ಯಾವ ನೆಪವೂ ಉಳಿಯುವುದಿಲ್ಲ.

ಸಮರಿಯನ್ನೇ ಬಿಟ್ಟುಬಿಡೋಣ ಎನ್ನುವವರಿಗೆ 2014ರ ಆಗಸ್ಟ್ 12ರ ಉತ್ತರವಿದೆ. ಅಂದು ವೆರಿಜಾನ್ ಜಾಲದಿಂದ ಸುಮಾರು 15 ಸಾವಿರ ಚೂರು ರೂಟ್‌ಗಳು ಸೋರಿ, ಜಾಗತಿಕ ಪಟ್ಟಿ 5 ಲಕ್ಷ 12 ಸಾವಿರದ ಗೆರೆ ದಾಟಿತು. ಅಷ್ಟಕ್ಕೇ ಸ್ಮೃತಿ ಮೀಸಲಿಟ್ಟಿದ್ದ ಹಳೆಯ ರೂಟರ್‌ಗಳು ಅಲ್ಲಲ್ಲಿ ಕುಸಿದವು. ಆ ಪಟ್ಟಿ ಈಗ 9 ಲಕ್ಷ ದಾಟಿದೆ. ಸಮರಿಯ ಪದ್ಧತಿ 1993ರಲ್ಲಿ ಬಾರದಿದ್ದರೆ ಅಂತರ್ಜಾಲ ತನ್ನ ಭಾರಕ್ಕೇ ಕುಸಿಯುತ್ತಿತ್ತು. ಸಮರಿ ಬೇಕು, ಯಾವ ಕೊಂಡಿ ಕಡಿದರೆ ಅದು ಸುಳ್ಳಾಗುತ್ತದೆ ಎಂಬ ಲೆಕ್ಕವೂ ಜತೆಗೇ ಬೇಕು. ಕರಾವಳಿಯ ಉದಾಹರಣೆಯಲ್ಲಿ /22ರ ಜತೆಗೆ ಹೊನ್ನಾವರ ತನ್ನ ಕಡೆಯ ಮೂರು ಚೂರುಗಳನ್ನೂ ಸಾರಿದರೆ, ಕೇಬಲ್ ಕಡಿದ ದಿನ ಭಟ್ಕಳ ಮತ್ತು ಮಾವಿನಕುರ್ವೆಯ ದಟ್ಟಣೆ ತಾನಾಗಿ ಸರಿಯಾದ ಘಟ್ಟ ಇಳಿಯುತ್ತದೆ. ಮೂರು ಸಾಲು ಹೆಚ್ಚಾದವು. ಆ ಬೆಲೆ ಹೆಚ್ಚೇನಲ್ಲ.

ಇದನ್ನೆಲ್ಲ ಇನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ ಎಂಬ ಭರವಸೆ ನನಗೆ ಒಪ್ಪಿಗೆಯಾಗುವುದಿಲ್ಲ. 2019ರ ಜೂನ್ 24ರಂದು ಅಮೆರಿಕದ ಒಂದು ಸಣ್ಣ ಸೇವಾದಾರನ ಬಳಿ ಇದ್ದದ್ದು ದಾರಿ ಸುಧಾರಿಸಲೆಂದೇ ಮಾಡಿದ ಸ್ವಯಂಚಾಲಿತ ಸಾಧನ. ಅದು ಬೇರೆಯವರ ಸಮರಿಗಳನ್ನು ಚೂರು ಮಾಡಿ ಒಳಗಿನ ಬಳಕೆಗೆ ಇಟ್ಟುಕೊಂಡಿತ್ತು, ಕ್ಲೌಡ್‌ಫ್ಲೇರ್‌ನ 104.20.0.0/20 ಅನ್ನು ಎರಡು /21 ಮಾಡಿತ್ತು. ಚೂರುಗಳು ಒಬ್ಬ ಗ್ರಾಹಕನ ಜಾಲಕ್ಕೆ ಸೋರಿ, ಅಲ್ಲಿಂದ ವೆರಿಜಾನ್‌ಗೆ, ವೆರಿಜಾನ್‌ನಿಂದ ಜಗತ್ತಿಗೆ ಹೋದವು. ಕ್ಲೌಡ್‌ಫ್ಲೇರ್ ತನ್ನ ಜಾಗತಿಕ ದಟ್ಟಣೆಯ ಸುಮಾರು ಶೇ 15ರಷ್ಟನ್ನು ಕಳೆದುಕೊಂಡಿತು. ಯಂತ್ರ ತನಗೆ ಹೇಳಿದ್ದನ್ನು ಚೆನ್ನಾಗಿಯೇ ಮಾಡಿತ್ತು. ಗಡಿಯಲ್ಲಿ ಕೇಳುವವರಿರಲಿಲ್ಲ. ವಿಳಾಸದ ಒಡೆಯ ಯಾರು, ಎಷ್ಟು ಸಣ್ಣ ಚೂರಿನವರೆಗೆ ಸಾರಬಹುದು ಎಂಬುದನ್ನು ಸಹಿ ಮಾಡಿ ಇಡುವ ಆರ್‌ಪಿಕೆಐ ವ್ಯವಸ್ಥೆ ಇಂಥ ಚೂರುಗಳನ್ನು ಹಿಡಿಯಬಲ್ಲದು, ಅದನ್ನು ನೋಡಿ ತಿರಸ್ಕರಿಸುವವರು ಇದ್ದರೆ. ಅದೂ ಮೂಲವನ್ನಷ್ಟೇ ನೋಡುತ್ತದೆ, ನಡುವಿನ ದಾರಿಯನ್ನಲ್ಲ. ಆ ಕೊರತೆ ತುಂಬಲು 2022ರಲ್ಲಿ ಬಿಜಿಪಿಗೆ ‘ಓನ್ಲಿ ಟು ಕಸ್ಟಮರ್’ ಎಂಬ ಹೊಸ ಗುರುತು ಬಂತು: ಮೇಲಿನವರಿಂದ ಕೇಳಿದ ರೂಟ್ ಕೆಳಗಿನ ಗ್ರಾಹಕರಿಗೆ ಮಾತ್ರ ಇಳಿಯಬೇಕು, ಮತ್ತೆ ಮೇಲೆ ಹತ್ತಬಾರದು. ಹೊನ್ನಾವರದ ರೂಟರ್‌ನಲ್ಲಿ ನಾವು ಹಾಕಿದ ಟ್ಯಾಗ್‌ನ ತತ್ವವೇ ಇದು. 7007ರ ಘಟನೆಯಾಗಿ 25 ವರ್ಷಗಳ ಮೇಲೆ ಇಡೀ ಅಂತರ್ಜಾಲಕ್ಕೆ ಬಂದಿದೆ.

ಹಾಗಾಗಿ ಮಾವಿನಕುರ್ವೆಯ ಶಾಖೆ ಸಿಗುತ್ತಿಲ್ಲವೆಂದು ಫೋನ್ ಬಂದಾಗ ಹುಡುಕಾಟ ಶಿರಸಿಯ ಪಿಂಗ್‌ನಿಂದ ಶುರುವಾಗಬಾರದು. ರೂಟ್ ಹುಟ್ಟಿದ ಕಡೆಯಿಂದ ಶುರುವಾಗಲಿ: ಹೊನ್ನಾವರದ ರೂಟಿಂಗ್ ಟೇಬಲ್‌ನಲ್ಲಿ 10.20.3.0 ಇದೆಯೇ, ಅದನ್ನು ಹೇಳಿದವರು ಶಾಖೆಯ ದಿಕ್ಕಿನವರೋ ಕುಮಟಾವೋ. ಆಮೇಲೆ ಅದು ಓಎಸ್‌ಪಿಎಫ್‌ಗೆ ದಾಟಿತೇ, ಟ್ಯಾಗ್ ಸಮೇತ ದಾಟಿತೇ. ಶಿರಸಿಯ ದತ್ತಾಂಶದಲ್ಲಿ ಕಂಡರೂ ಟೇಬಲ್‌ನಲ್ಲಿ ಗೆದ್ದಿದೆಯೇ, ಸೋತಿದ್ದರೆ ಯಾರಿಗೆ. ರೂಟ್‌ನ ವಯಸ್ಸನ್ನೂ ನೋಡಬೇಕು. ದಿನಗಟ್ಟಲೆ ಇರಬೇಕಾದದ್ದು ಪ್ರತಿ ಸಲವೂ ಕೆಲವೇ ಸೆಕೆಂಡಿನ ಹಸುಗೂಸಾಗಿ ಕಂಡರೆ ಎಲ್ಲೋ ಎರಡು ಮಾತುಗಳು ಒಂದನ್ನೊಂದು ತಳ್ಳುತ್ತಿವೆ. ಕೊನೆಗೆ ಇದೆಲ್ಲವನ್ನೂ ಹಿಂದಿರುಗುವ ದಾರಿಗೂ ಮಾಡಬೇಕು, ಏಕೆಂದರೆ ಹೋಗುವ ದಾರಿ ಸರಿಯಿದ್ದು ಬರುವ ದಾರಿ ಇಲ್ಲದ ಜಾಲವೂ ಪಿಂಗ್‌ಗೆ ಸತ್ತಂತೆಯೇ ಕಾಣುತ್ತದೆ. ಈ ಪರೀಕ್ಷೆಗೆ ಮಳೆಗಾಲದ ರಾತ್ರಿಯನ್ನು ಕಾಯಬೇಕಾಗಿಲ್ಲ. ಮೇ ತಿಂಗಳ ಒಂದು ಭಾನುವಾರ ಕುಮಟಾ–ಹೊನ್ನಾವರದ ಕೊಂಡಿಯನ್ನು ಬೇಕೆಂದೇ ಕಳಚಿ, ಕುಮಟಾ ಇನ್ನೂ ಏನೇನು ಸಾರುತ್ತಿದೆ ಎಂದು ಶಿರಸಿಯಲ್ಲಿ ಕೂತು ಓದಬಹುದು. ಮಾವಿನಕುರ್ವೆಯ ಉಪಕರಣ ಆರಿಸಿ, ಅದರ ರೂಟ್ ಮೂರೂ ಕಡೆ ಅಳಿಯುತ್ತದೆಯೇ ಎಂದು ನೋಡಬಹುದು. ಉಪಕರಣ ಆರಿದ ಐದು ನಿಮಿಷದ ಮೇಲೂ ಆ ರೂಟ್ ಬದುಕಿದ್ದರೆ, ಟ್ಯಾಗ್ ಯಾವ ಗಡಿಯಲ್ಲಿ ಬಿಟ್ಟುಹೋಗಿದೆ ಎಂದು ಜೂನ್ ಬರುವ ಮೊದಲೇ ಗೊತ್ತಾಗುತ್ತದೆ.